‘ದರೆ’ ಮತ್ತು ‘ದರಿಂದ’: ಅರಿಕೆ, ಕೃಪೆ ಬಗ್ಗೆ ನನ್ನ ಟಿಪ್ಪಣಿ

ರಾಯಚೂರಿನ ನಮ್ಮ ಸಭೆಯ (ಚರ್ಚಿನ) ಬೈಬಲ್ ಕ್ಲಾಸಿನಲ್ಲಿ ಮೂರು ಭಾನುವಾರದಿಂದ ಯೋಹಾನನ ಮೊದಲನೆಯ ಪತ್ರ ನಡೆಯುತ್ತಿದೆ. ನಾನು 1ನೇ ಅಧ್ಯಾಯದ 9ನೇ ವಚನದಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ನಾವು ಪಾಪಗಳನ್ನು ಅರಿಕೆಮಾಡಿದರೆ, ದೇವರು ನಂಬಿಗಸ್ತನೂ ನೀತಿವಂತನೂ ಆಗಿರುವದರಿಂದ ಅವನ್ನು ಕ್ಷಮಿಸುತ್ತಾನೆ ಎನ್ನುವ ವಚನ ಅದು. ಈಗ ಸ್ವಲ್ಪ ಬಿಡಿಸಿಕೊಂಡಿದ್ದೇನೆ, ಮರೆಯುವ ಮೊದಲು ಬರೆದಿಡುತ್ತೇನೆ. ಪಾಪ ಎಂದರೇನು, ಶಿಲುಬೆ ಯಾಕೆ ಬೇಕಾಯಿತು ಎಂಬುದನ್ನೆಲ್ಲ ಇಲ್ಲಿ ಬರೆಯುತ್ತಿಲ್ಲ. ಅದು ಕ್ಲಾಸಿನಲ್ಲಿ ಪಾಠ ಆಗಿದೆ.

ಮೊದಲು ಪದಗಳು

ಕೃಪೆ: ಗ್ರೀಕಿನಲ್ಲಿ ಖಾರಿಸ್. ದುಡಿದು ಪಡೆದದ್ದಲ್ಲ, ಕೊಟ್ಟದ್ದು. ಇಷ್ಟು ಸಾಕು.

ಅರಿಕೆ: ಗ್ರೀಕಿನಲ್ಲಿ ಹೊಮೊಲೊಗೆಯೋ. ‘ಹೊಮೊ’ ಅಂದರೆ ಅದೇ, ಉಳಿದ ಭಾಗ ‘ಹೇಳು’. ಅಂದರೆ ಅದನ್ನೇ ಹೇಳುವುದು. ನನ್ನ ಕೆಲಸಕ್ಕೆ ದೇವರು ಯಾವ ಹೆಸರಿಡುತ್ತಾನೋ ನಾನೂ ಅದೇ ಹೆಸರಿಡುವುದು. ಕನ್ನಡದ ಪದವೂ ಚೆನ್ನಾಗಿದೆ. ‘ಅರಿ’ ಎಂದರೆ ತಿಳಿ, ಅರಿಕೆ ಎಂದರೆ ತಿಳಿಸುವುದು. ಆದರೆ ದೇವರಿಗೆ ಮೊದಲೇ ತಿಳಿದಿದೆ ಅಲ್ವಾ? ಹಾಗಾದರೆ ತಿಳಿಯಬೇಕಾಗಿರುವುದು ಯಾರಿಗೆ? ನನಗೆ. ಇದನ್ನು ಬರೆಯುವಾಗಲೂ ನನಗೆ ಒಂದು ನಿಮಿಷ ಕೈ ನಿಂತಿತು. (ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ನಮ್ಮ ಪಕ್ಕದ ಊರಲ್ಲೇ ಇಂಥ ಪದಗಳಿಗೆ ಹುಡುಕಾಟ ನಡೆದಿತ್ತು ಎಂದು ನೆನೆದರೆ ನನಗೆ ಖುಷಿಯಾಗುತ್ತದೆ.)

ನಾನು ಎಡವಿದ ಜಾಗ

ಹಳೆಯ ಕನ್ನಡ ಬೈಬಲಿನಲ್ಲಿ ವಚನ ಶುರುವಾಗುವುದೇ ಪಾಪಗಳನ್ನು ‘ಅರಿಕೆಮಾಡಿದರೆ’ ಎಂದು. ಮಾಡಿದರೆ ಕ್ಷಮೆ. ಮಾಡದಿದ್ದರೆ? ಹಾಗಾದರೆ ಇದು ವ್ಯಾಪಾರ ಆಯಿತಲ್ಲ, ನಾನು ಅರಿಕೆ ಕೊಡುತ್ತೇನೆ, ದೇವರು ಕ್ಷಮೆ ಕೊಡುತ್ತಾನೆ, ಇದರಲ್ಲಿ ಕೃಪೆ ಎಲ್ಲಿದೆ? ಇನ್ನೊಂದು ಭಯವೂ ಇತ್ತು. ನನ್ನ ಅರಿಕೆ ಸರಿಯಾಗಿರದಿದ್ದರೆ, ಕಣ್ಣಲ್ಲಿ ನೀರು ಬರದಿದ್ದರೆ, ಒಂದು ಪಾಪ ಮರೆತುಹೋದರೆ ಏನು ಗತಿ? ಎರಡು ವಾರ ರಾತ್ರಿ ಇದೇ ಯೋಚನೆ.

ಬಿಡಿಸಿದ್ದು ಅದೇ ವಚನದ ಮುಂದಿನ ತುಂಡು. ಆತನು ನಂಬಿಗಸ್ತನೂ ನೀತಿವಂತನೂ ‘ಆಗಿರುವದರಿಂದ’ ಕ್ಷಮಿಸುತ್ತಾನೆ ಎಂದಿದೆ. ಮೊದಲು ‘ದರೆ’, ಆಮೇಲೆ ‘ದರಿಂದ’. ನಾನು ‘ದರೆ’ಯನ್ನೇ ಕಾರಣ ಅಂದುಕೊಂಡಿದ್ದೆ. ಕಾರಣ ಇರುವುದು ‘ದರಿಂದ’ದಲ್ಲಿ. ನನ್ನ ಅರಿಕೆ ಚೆನ್ನಾಗಿದ್ದುದರಿಂದ ಎಂದು ಬರೆದಿಲ್ಲ, ಆತನು ನಂಬಿಗಸ್ತನಾಗಿರುವುದರಿಂದ ಎಂದು ಬರೆದಿದೆ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುತ್ತೇನೆ. ಸಿಂಧನೂರು ಕಡೆ ಭತ್ತದ ಗದ್ದೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ತೂಬು ತೆಗೆದರೆ ಗದ್ದೆಗೆ ನೀರು ಬರುತ್ತದೆ. ಡ್ಯಾಮಿನಲ್ಲಿ ನೀರು ಇರುವುದರಿಂದ ಬರುತ್ತದೆ. ಎರಡೂ ನಿಜ, ಆದರೆ ತೂಬು ನೀರನ್ನು ಹುಟ್ಟಿಸುವುದಿಲ್ಲ, ಎಷ್ಟು ಚೆನ್ನಾಗಿ ತೆಗೆದೆ ಎಂದು ನೋಡಿ ಡ್ಯಾಮು ನೀರು ಬಿಡುವುದೂ ಇಲ್ಲ. ತೂಬು ಮುಚ್ಚಿಕೊಂಡು ಕೂತರೆ ಮಾತ್ರ ಕಾಲುವೆ ತುಂಬಿ ಹರಿದರೂ ನನ್ನ ಗದ್ದೆ ಬಿರುಕು ಬಿಡುತ್ತದೆ. ಈ ಹೋಲಿಕೆಯನ್ನು ಜಾಸ್ತಿ ಎಳೆಯಬೇಡಿ. ಮಾನ್ವಿ, ಸಿರವಾರ ಕಡೆ ಕಾಲುವೆಯ ಕೊನೆಯಲ್ಲಿರುವ ರೈತರು ಎಷ್ಟೋ ಸಲ ನೀರಿಗಾಗಿ ಕಾದು ಕಾದು ಸಾಕಾಗುತ್ತಾರೆ. ಕೃಪೆಗೆ ಅಂಥ ಕೊನೆಯ ಭಾಗ ಇಲ್ಲ.

ಹಾಗಾದರೆ ತೂಬು ತೆಗೆದ ಕೈಯಾದರೂ ನನ್ನದಲ್ಲವೇ ಎಂದು ನಾನು ಕ್ಲಾಸಿನಲ್ಲಿ ಕೇಳಿದೆ. ಇದು ಹಳೆಯ ಪ್ರಶ್ನೆಯಂತೆ. ಪೆಲಾಜಿಯಸ್ ಎಂಬ ಬೋಧಕ ಮನುಷ್ಯ ತನ್ನ ಮನಸ್ಸಿನ ಬಲದಿಂದಲೇ ಒಳ್ಳೆಯದನ್ನು ಆರಿಸಿಕೊಳ್ಳಬಲ್ಲ ಎಂದ. ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಆಗಸ್ಟಿನ್ ಅದನ್ನು ಬಲವಾಗಿ ಎದುರಿಸಿದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಪೆಲಾಜಿಯಸನ ಬೋಧನೆಯನ್ನು ತಳ್ಳಿಹಾಕಿತು. 529ರಲ್ಲಿ ಫ್ರಾನ್ಸಿನ ಓರಾಂಜ್‌ನಲ್ಲಿ ಸೇರಿದ ಸಭೆ, ನಂಬಬೇಕು ಎಂಬ ಮೊದಲ ಆಸೆ ಕೂಡ ಕೃಪೆಯಿಂದಲೇ ಹುಟ್ಟುತ್ತದೆ ಎಂದಿತು. ನನಗೆ ಇದಕ್ಕಿಂತ ಆದಿಕಾಂಡ 3 ಬೇಗ ಅರ್ಥವಾಯಿತು. ಆದಾಮ ಮರಗಳ ಹಿಂದೆ ಅಡಗಿದ್ದಾನೆ, ದೇವರು ‘ಎಲ್ಲಿದ್ದೀ’ ಎಂದು ಕೇಳುತ್ತಾ ಬರುತ್ತಾನೆ. ಹುಡುಕಿಕೊಂಡು ಬಂದವನು ದೇವರು. ಆಗಲೂ ಆದಾಮ ‘ನೀನು ಕೊಟ್ಟ ಹೆಂಗಸು’ ಎಂದು ತಪ್ಪನ್ನು ದಾಟಿಸಿಬಿಡುತ್ತಾನೆ.

ಒಂದೇ ಮಾತು, ಇಬ್ಬರು ರಾಜರು

‘ನಾನು ಪಾಪ ಮಾಡಿದ್ದೇನೆ’ ಎಂದು ಸೌಲನೂ ಹೇಳಿದ, ದಾವೀದನೂ ಹೇಳಿದ. ದಯವಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. 1 ಸಮುವೇಲ 15ರಲ್ಲಿ, ದೇವರ ಅಪ್ಪಣೆ ಮೀರಿದ ಸೌಲ ಆ ಮಾತಿನ ಹಿಂದೆಯೇ ಜನರಿಗೆ ಹೆದರಿದೆ ಅನ್ನುತ್ತಾನೆ. ಇನ್ನೊಮ್ಮೆ ಹೇಳುವಾಗ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಅನ್ನುತ್ತಾನೆ. ದಾವೀದ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಕೊಲ್ಲಿಸಿದ್ದ. 2 ಸಮುವೇಲ 12ರಲ್ಲಿ ಪ್ರವಾದಿ ನಾತಾನ ಬಂದು ಆ ವಿಷಯ ಎತ್ತಿದಾಗ ದಾವೀದ ಅಷ್ಟನ್ನೇ ಹೇಳಿ ಸುಮ್ಮನಾಗುತ್ತಾನೆ. ಕ್ಷಮೆಯ ಮಾತು ಅದೇ ವಚನದಲ್ಲಿ ಬರುತ್ತದೆ, ನಡುವೆ ತಡವೇ ಇಲ್ಲ. ಹಾಗೆಂದು ಎಲ್ಲವೂ ಸರಿಹೋಗಲಿಲ್ಲ. ಆ ಹೆಂಗಸಿನಲ್ಲಿ ದಾವೀದನಿಗೆ ಹುಟ್ಟಿದ ಮಗು ಸತ್ತುಹೋಯಿತು, ಊರೀಯ ತಿರುಗಿ ಬರಲಿಲ್ಲ. ಕ್ಷಮೆ ಸಿಕ್ಕರೂ ಮಾಡಿದ್ದರ ಫಲ ಉಳಿಯಬಹುದು. ಈ ಭಾಗ ನನಗೆ ಇನ್ನೂ ಭಾರವಾಗಿಯೇ ಇದೆ.

ಲೂಕ 18ರಲ್ಲಿ ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಫರಿಸಾಯ (ಧರ್ಮನಿಷ್ಠ ಅನ್ನಿಸಿಕೊಂಡವನು), ಸುಂಕದವ ಇಬ್ಬರ ಕಥೆ ಎಲ್ಲರಿಗೂ ಬರುತ್ತದೆ. ಒಂದನ್ನು ಮಾತ್ರ ಗಮನಿಸಿ. ಫರಿಸಾಯನೂ ದೇವರಿಗೆ ಸ್ತೋತ್ರ ಹೇಳಿಯೇ ಶುರು ಮಾಡುತ್ತಾನೆ. ಆಮೇಲೆ ಬರುವುದೆಲ್ಲ ವಾರಕ್ಕೆ ಎರಡು ಉಪವಾಸದ ಪಟ್ಟಿ.

ಯಾರ ಮುಂದೆ ಅರಿಕೆ ಎಂಬುದರಲ್ಲಿ ಸಭೆಗಳ ನಡುವೆ ವ್ಯತ್ಯಾಸವಿದೆ. ಕಥೋಲಿಕರು ಗುರುಗಳ ಬಳಿ ಪಾಪನಿವೇದನೆ ಮಾಡುತ್ತಾರೆ, ವರ್ಷಕ್ಕೊಮ್ಮೆಯಾದರೂ ಮಾಡಬೇಕೆಂದು 1215ರಲ್ಲಿ ರೋಮಿನ ಲ್ಯಾಟರನ್ನಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಹೇಳಿತು. ನಮ್ಮಲ್ಲಿ ನೇರವಾಗಿ ದೇವರಿಗೆ. ಯಾಕೋಬ 5:16 ಒಬ್ಬರಿಗೊಬ್ಬರು ಅರಿಕೆ ಮಾಡಿ ಅನ್ನುತ್ತದೆ, ಅದನ್ನು ನಾವು ಬಹಳ ಕಡಿಮೆ ಮಾಡುತ್ತೇವೆ.

ನಾನು ಮಾಡಿ ನೋಡಿದ್ದು

ಗಂಗಾವತಿಯಲ್ಲಿರುವ ನಮ್ಮ ಅಕ್ಕ ಪರೀಕ್ಷೆ ಫೀಗೆಂದು 3,000 ರೂಪಾಯಿ ಕೊಟ್ಟಿದ್ದರು. ನಾನು ಫೋನಿಗೆ ಖರ್ಚು ಮಾಡಿ, ಫೀ ಕಟ್ಟಿದ್ದೇನೆ ಎಂದೆ. ಆಮೇಲೆ ದಿನಾ ಪ್ರಾರ್ಥನೆಯಲ್ಲಿ ‘ತಿಳಿದೋ ತಿಳಿಯದೆಯೋ ಮಾಡಿದ ಪಾಪ, ನನ್ನ ಬಲಹೀನತೆ ಕ್ಷಮಿಸು’ ಅನ್ನುತ್ತಿದ್ದೆ. ತಿಳಿದೇ ಮಾಡಿದ್ದೆ. ಬಲಹೀನತೆ ಅನ್ನುವುದು ನಾನೇ ಇಟ್ಟುಕೊಂಡ ಹೆಸರು. ಹೊಮೊಲೊಗೆಯೋ ಕಲಿತ ರಾತ್ರಿ ಹೇಳಿದೆ: ‘ಕರ್ತನೇ, ಅಕ್ಕನಿಗೆ ಸುಳ್ಳು ಹೇಳಿದೆ, ಅವರ ದುಡ್ಡು ತಿಂದೆ.’ ಎರಡೇ ವಾಕ್ಯ, ಹೇಳಲು ತುಂಬಾ ಹೊತ್ತು ಹಿಡಿಯಿತು. ಆದರೆ ಹೇಳುವಾಗ ದೇವರು ಹೊಡೆಯುತ್ತಾನೆ ಎಂಬ ಭಯ ಇರಲಿಲ್ಲ, ‘ದರಿಂದ’ ನೆನಪಿತ್ತು. ಆ ಭಯ ಇದ್ದಷ್ಟು ದಿನ ನನಗೆ ನಿಜ ಹೇಳಲು ಆಗಿರಲಿಲ್ಲ.

ಲೂಕ 19ರ ಸುಂಕದವ ಜಕ್ಕಾಯನದ್ದೂ ಇದೇ ಕ್ರಮ. ಯೇಸು ಮೊದಲು ಅವನ ಮನೆಗೆ ಹೋದರು, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದು ಅವನು ಹೇಳಿದ್ದು ಆಮೇಲೆ. ಮರುದಿನ ಅಕ್ಕನಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ‘ಊಟ ಆಯ್ತೇನೋ’ ಎಂದರು. ಈ ತಿಂಗಳು 1,000 ಕಳಿಸಿದ್ದೇನೆ, ಇನ್ನೂ 2,000 ಇದೆ.