ಎಂ.ಎಸ್ಸಿ. ಓದೋಕೆ ಕೆಸರಿಗೆ ಇಳೀಬೇಕಾ?

ಮೇ, ಜೂನ್ ತಿಂಗಳು ಬಂತೆಂದರೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ‘ಮೇಡಂ, ಮನುಷ್ಯ ಭೂಮಿಯನ್ನ ಹೇಗೆಲ್ಲ ಬದಲಾಯಿಸಿದ್ದಾನೆ ಅನ್ನೋದನ್ನ ಓದಬೇಕು. ಯಾವ ಕೋರ್ಸ್ ಸೇರಲಿ?’ ‘ಮೊಣಕಾಲುದ್ದ ಕೆಸರಲ್ಲಿ ದಿನವಿಡೀ ನಿಲ್ಲೋಕೆ ತಯಾರಿದ್ದೀಯಾ?’ ಅಂತ ನಾನು ತಿರುಗಿ ಕೇಳುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ. ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಗು ನಿಂತಿರುತ್ತದೆ.

ನನ್ನ ಕೆಲಸ ಕೆರೆಯ ಹೂಳು ಓದುವುದು. ಉದ್ದನೆಯ ಪ್ಲಾಸ್ಟಿಕ್ ಕೊಳವೆಯನ್ನು ಕೆರೆಯ ತಳಕ್ಕೆ ಒತ್ತಿ, ಕಬ್ಬಿನ ಜಲ್ಲೆಯ ಹಾಗೆ ಮಣ್ಣಿನ ಕಂಬವೊಂದನ್ನು ಎತ್ತುತ್ತೇವೆ. ಲ್ಯಾಬಿಗೆ ತಂದು ಒಂದೊಂದು ಸೆಂಟಿಮೀಟರಿಗೆ ಬಿಲ್ಲೆ ಮಾಡುತ್ತೇವೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ಪ್ರತಿ ಬಿಲ್ಲೆ ಯಾವ ಕಾಲದ್ದು, ಅದರಲ್ಲಿ ಏನೇನಿದೆ ಅಂತ ಹುಡುಕುವುದೇ ಓದು.

ಕಾಲ ಗೊತ್ತಾಗುವುದು ಹೇಗೆ? ಸೀಸದ ಒಂದು ವಿಕಿರಣಶೀಲ ರೂಪವಿದೆ, ಸೀಸ-210. ಗಾಳಿಯಿಂದ ಸದಾ ಸ್ವಲ್ಪ ಸ್ವಲ್ಪ ಉದುರುತ್ತಿರುತ್ತದೆ. ಸುಮಾರು 22 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಆಳಕ್ಕೆ ಹೋದಷ್ಟೂ ಅದು ಎಷ್ಟು ಕಮ್ಮಿಯಾಗಿದೆ ಅಂತ ಅಳೆದರೆ ನೂರು, ಹೆಚ್ಚೆಂದರೆ ನೂರೈವತ್ತು ವರ್ಷದ ಲೆಕ್ಕ ಸಿಗುತ್ತದೆ. ಇನ್ನೊಂದು ಸೀಸಿಯಂ-137. ಅಣುಬಾಂಬಿಗೆ ಮೊದಲು ಇದು ಮಣ್ಣಿನಲ್ಲಿ ಇರಲೇ ಇಲ್ಲ. ಅದು ಅತಿ ಜಾಸ್ತಿ ಇರುವ ಪದರ ಸಿಕ್ಕರೆ 1963ರ ಆಸುಪಾಸು ಅಂತ ಗುರುತು ಹಾಕಬಹುದು. ಗಾಳಿಯಲ್ಲಿ ಬಾಂಬ್ ಸಿಡಿಸುವುದನ್ನು ನಿಲ್ಲಿಸಲು ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸಹಿ ಹಾಕಿದ ವರ್ಷ ಅದು. ಯಾರೋ ಎಲ್ಲೋ ಸಿಡಿಸಿದ ಬಾಂಬಿನ ಧೂಳು ನಮ್ಮೂರ ಕೆರೆಯಲ್ಲೂ ಕೂತಿದೆ. ಇದನ್ನು ಮೊದಲ ಸಲ ಗ್ರಾಫಿನಲ್ಲಿ ನೋಡಿದ ವಿದ್ಯಾರ್ಥಿ ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

ಆಮೇಲೆ ಪರಾಗ. ಕೋಲಾರದ ಕಡೆಯ ಹೂಳಿನಲ್ಲಿ ನೀಲಗಿರಿ ಮರದ ಪರಾಗ ಕಾಣಿಸಿದರೆ, ಅದಕ್ಕೆ ಮೊದಲೇ ಯಾರೋ ಸಸಿ ನೆಟ್ಟಿದ್ದರು ಅಂತಲೇ ಅರ್ಥ. ಮರ ಆಸ್ಟ್ರೇಲಿಯಾದ್ದು ಅಲ್ವಾ? 2017ರಲ್ಲಿ ನಮ್ಮ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಇನ್ನು ನೂರು ವರ್ಷ ಬಿಟ್ಟು ಹೂಳು ಓದುವವರಿಗೆ ಆ ಆದೇಶ ಎಷ್ಟರಮಟ್ಟಿಗೆ ಜಾರಿಯಾಯಿತು ಅನ್ನುವುದೂ ಗೊತ್ತಾಗುತ್ತದೆ.

ಈ ಓದಿಗೆ ಈಗ ದೊಡ್ಡ ಹೆಸರು ಬಂದಿದೆ. ಆಂಥ್ರೊಪೊಸೀನ್, ಅಂದರೆ ಮನುಷ್ಯನ ಯುಗ. ನೊಬೆಲ್ ಪಡೆದ ರಸಾಯನ ವಿಜ್ಞಾನಿ ಪಾಲ್ ಕ್ರುಟ್ಜೆನ್ 2000ದಲ್ಲಿ ಈ ಪದವನ್ನು ಎಲ್ಲರ ಬಾಯಿಗೆ ತಂದರು. ಕೇಂಬ್ರಿಜ್‌ನಲ್ಲಿ ಈ ಹೆಸರಿನದೇ ಎಂ.ಫಿಲ್. ಇದೆ. ಜರ್ಮನಿಯ ಯೇನಾದಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದು ತನ್ನ ಹೆಸರನ್ನೇ ಜಿಯೋಆಂಥ್ರೊಪಾಲಜಿ ಅಂತ ಬದಲಿಸಿಕೊಂಡಿದೆ. ನಮ್ಮಲ್ಲಿ ಹೆಸರು ಹುಡುಕಬೇಡಿ. ಭೂವಿಜ್ಞಾನ, ಪರಿಸರ ವಿಜ್ಞಾನ, ಭೂಗೋಳ, ಯಾವ ಬಾಗಿಲಿಂದ ಬಂದರೂ ಒಳಗೆ ಸಿಗುವುದು ಇದೇ ಕೆಸರು.

2009ರಿಂದ ಭೂವಿಜ್ಞಾನದ ತಜ್ಞರ ತಂಡವೊಂದು ಈ ಯುಗದ ಆರಂಭಕ್ಕೆ ಸಾಕ್ಷಿ ಹುಡುಕಿತು. 2023ರಲ್ಲಿ ಕೆನಡಾದ ಕ್ರಾಫರ್ಡ್ ಸರೋವರವನ್ನು ಆರಿಸಿತು. ಚಿಕ್ಕ ಸರೋವರ. ಆಳ ಮಾತ್ರ ಸುಮಾರು 24 ಮೀಟರ್. ತಳದ ನೀರು ಮೇಲಿನ ನೀರಿನ ಜೊತೆ ಬೆರೆಯುವುದಿಲ್ಲ. ಹಾಗಾಗಿ ವರ್ಷಕ್ಕೊಂದು ಬಿಳಿ ಗೆರೆ, ಒಂದು ಕಪ್ಪು ಗೆರೆ ಕದಡದೆ ಕೂತಿವೆ. 1950ರ ದಶಕದ ಆರಂಭದ ಗೆರೆಗಳಲ್ಲಿ ಬಾಂಬಿನ ಪ್ಲುಟೋನಿಯಂ ಇದೆ. ಇಲ್ಲಿಂದಲೇ ಮನುಷ್ಯನ ಯುಗ ಅಂತ ತಂಡ ಹೇಳಿತು. 2024ರ ಮಾರ್ಚಿನಲ್ಲಿ ಆ ತಂಡಕ್ಕಿಂತ ಮೇಲಿನ ಹಂತದ ಸಮಿತಿ ಮತ ಹಾಕಿ ಬೇಡ ಅಂದಿತು. ಭೂವಿಜ್ಞಾನದ ಅಧಿಕೃತ ಲೆಕ್ಕದಲ್ಲಿ ನಾವು ಈಗಲೂ ‘ಮೇಘಾಲಯನ್’ ಕಾಲಘಟ್ಟದಲ್ಲೇ ಇದ್ದೇವೆ. ಮೇಘಾಲಯದ ಮಾಮ್ಲುಹ್ ಗುಹೆಯ ಸುಣ್ಣದ ಕಂಬದಿಂದ 2018ರಲ್ಲಿ ಬಂದ ಹೆಸರದು.

‘ಹಾಗಾದರೆ ಈ ವಿಷಯ ಬಿದ್ದುಹೋಯ್ತಾ ಮೇಡಂ?’ ಅಂತ ಒಬ್ಬ ಹುಡುಗ ಗಾಬರಿಯಾಗಿ ಕೇಳಿದ. ಇಲ್ಲ. ಬೇಡ ಅಂದವರೂ ಮನುಷ್ಯನ ಕೈವಾಡವನ್ನು ಅಲ್ಲಗಳೆದಿಲ್ಲ. ಅದನ್ನು 1950ಕ್ಕೆ ಗೂಟ ಹೊಡೆದು ಕಟ್ಟಬೇಡಿ, ಕಾಡು ಕಡಿದು ಉತ್ತವರನ್ನು ಎಲ್ಲಿಡುತ್ತೀರಿ ಅನ್ನುವುದು ಅವರ ಒಂದು ಮುಖ್ಯ ತಕರಾರು. ನನಗೂ ಇದು ಸರಿ ಅನಿಸುತ್ತದೆ. ಕೋಲಾರ ಸೀಮೆಯಲ್ಲಿ ಕುಳಿತು 1950 ಅಂತ ಹೇಳೋಕೆ ಬಾಯಿ ಬರುವುದಿಲ್ಲ. ಇಲ್ಲಿ ದೊಡ್ಡ ನದಿಯಿಲ್ಲ. ಹಳ್ಳಕ್ಕೆ ಏರಿ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಸಾಲುಸಾಲು ಕೆರೆ ಮಾಡಿದ್ದು ನಮ್ಮ ಹಿಂದಿನವರು. ಹೂಳು ಕೂರುವ ತಟ್ಟೆಯೇ ಮನುಷ್ಯ ಮಾಡಿದ್ದು! ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಬಿ.ಎಲ್. ರೈಸ್ ಸಂಗ್ರಹಿಸಿದ ಶಾಸನಗಳನ್ನೂ ನೋಡಿ ಅನ್ನುತ್ತೇನೆ. ಕೆರೆ ಕಟ್ಟಿಸಿದ ಶಾಸನ ಸಿಕ್ಕರೆ, ಅದಕ್ಕಿಂತ ಹಳೆಯ ಕೆರೆಹೂಳು ಅಲ್ಲಿ ಇರಲಾರದು. ಯಾವ ಯಂತ್ರವೂ ಇಷ್ಟು ಸಸ್ತಾದಲ್ಲಿ ತಾರೀಖು ಕೊಡುವುದಿಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಪಿಎಚ್‌.ಡಿ.ಯ ಮೊದಲ ವರ್ಷ ಒಂದು ಕೆರೆಯಿಂದ ಒಂದು ಮೀಟರ್ ಉದ್ದದ ಕಂಬ ತೆಗೆದೆ. ತಿಂಗಳುಗಟ್ಟಲೆ ಒಣಗಿಸಿ, ಅರೆದು, ಅಳೆಸಿದೆ. ಬಂದ ಗ್ರಾಫ್ ನೇರ ಗೆರೆ. ಮೇಲಿನಿಂದ ಮೊಣಕೈ ಆಳದವರೆಗೆ ಸೀಸ-210 ಒಂದೇ ಸಮ, ಅದರ ಕೆಳಗೆ ಸೊನ್ನೆ. ಯಂತ್ರ ಕೆಟ್ಟಿದೆ ಅಂದುಕೊಂಡು ಮತ್ತೊಮ್ಮೆ ದುಡ್ಡು ಸುರಿದೆ. ಅದೇ ಗೆರೆ. ಕೊನೆಗೆ ಆ ಊರಿನಲ್ಲಿ ಕೆರೆಯ ನೀರು ಬಿಡುವ ನೀರಗಂಟಿಯ ಹತ್ತಿರ ಗೋಳು ಹೇಳಿಕೊಂಡೆ. ಅವರು ಬೀಡಿ ಆರಿಸಿ ಹೇಳಿದರು: ‘ಬೇಸ್ಗೆ ಬಂದ್ರೆ ಗಾಡೀಲಿ ಗೋಡು ಹೊಡೀತಿದ್ವಲ್ಲ ತಾಯಿ. ಒಂದು ಮಾತು ಕೇಳಬಾರದಿತ್ತಾ?’

ಕೆರೆಯ ಗೋಡುಮಣ್ಣು ಹೊಲಕ್ಕೆ ಗೊಬ್ಬರ. ತಲೆಮಾರುಗಳಿಂದ ರೈತರು ಅದನ್ನು ಎತ್ತುತ್ತಾ ಬಂದಿದ್ದಾರೆ. ನಾನು ಹುಡುಕುತ್ತಿದ್ದ ನೂರು ವರ್ಷ ರಾಗಿ ಹೊಲಗಳಲ್ಲಿ ಹರಡಿತ್ತು. ಕ್ರಾಫರ್ಡ್ ಸರೋವರದ ಪಾಠ ಇಲ್ಲಿ ನಡೆಯುವುದಿಲ್ಲ ಅಂತ ಗೊತ್ತಾಗಿದ್ದು ಆಗ. ಅಂದಿನಿಂದ ಕೊಳವೆಗಿಂತ ಮೊದಲು ಊರಿನ ಜಗಲಿಗೆ ಹೋಗುತ್ತೇನೆ. ಹೂಳು ಎತ್ತಿದ್ದು ಯಾವಾಗ, ಜೆಸಿಬಿ ಬಂದಿತ್ತಾ, ಕೆರೆಯ ಯಾವ ಮೂಲೆಯನ್ನು ಮುಟ್ಟಲಿಲ್ಲ? ತೂಬಿನ ಹತ್ತಿರದ ಆಳದ ಗುಂಡಿಯಲ್ಲಿ ಎಷ್ಟೋ ಸಲ ಏನಾದರೂ ಉಳಿದಿರುತ್ತದೆ. ಆ ಹಾಳಾದ ಕಂಬದ ಗ್ರಾಫ್ ಥೀಸಿಸ್‌ನಲ್ಲಿ ಹಾಗೇ ಹೋಯಿತು. ವೈವಾದಲ್ಲಿ ಅತಿ ಹೆಚ್ಚು ಪ್ರಶ್ನೆ ಬಂದಿದ್ದು ಅದರ ಮೇಲೇ.

ಈಗ ಇದೇ ಕೆರೆಗಳಲ್ಲಿ ಇನ್ನೊಂದು ಕತೆ ಶುರುವಾಗಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿದ್ದಕ್ಕೆ ಖುಷಿಯೂ ಇದೆ, ನೀರಿನ ಬಗ್ಗೆ ಜಗಳವೂ ಇದೆ. ನನಗೆ ಕಾಣುವುದು ತಾರೀಖು ಗೊತ್ತಿರುವ ಒಂದು ಹೊಸ ಪದರ. ವರ್ಷಗಟ್ಟಲೆ ಒಣಗಿದ್ದ ತಳದ ಮೇಲೆ ಒಂದು ಮಹಾನಗರದ ಬಚ್ಚಲಿನ ಗುರುತು ಕೂರುತ್ತಿದೆ. ರಂಜಕ, ಸತು, ಮೈಕ್ರೋಪ್ಲಾಸ್ಟಿಕ್ ಯಾವ ಸೆಂಟಿಮೀಟರಿನಲ್ಲಿ ಏರುತ್ತವೆ? ಎರಡು ವರ್ಷದ ಎಂ.ಎಸ್ಸಿ.ಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗೆ ಹೊಳೆಯುವುದಿಲ್ಲ. ಮತ್ತೆ ಹೂಳೆತ್ತುವ ಮೊದಲು ಯಾರಾದರೂ ಮಾಡಬೇಕು.

ಕೋರ್ಸಿನ ಪ್ರಶ್ನೆಗೆ ಬರೋಣ. ಅರ್ಜಿ ಹಾಕುವ ಮೊದಲು ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಸಿಲಬಸ್ ಆಮೇಲೆ ನೋಡಿದರಾಯಿತು. ಕೊಳವೆ ಎಲ್ಲಿದೆ, ಕಳೆದ ವರ್ಷ ಎಷ್ಟು ಸಲ ಹೊರಗೆ ಹೋಗಿತ್ತು ಅಂತ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ಅದರ ಮೇಲೆ ಕೆಸರಿನ ಬದಲು ಧೂಳು ಇದ್ದರೆ, ಸುಮ್ನೆ ಟೀ ಕುಡಿದು ಮುಂದಿನ ಬಸ್ ಹಿಡಿಯಿರಿ.