ಪಾಳು

ಹಳೇ ಮೈಸೂರಿನ ಕಡೆ ಸಿಟ್ಟು ಬಂದರೆ ‘ಎಕ್ಕುಟ್ಟೋಗ’ ಎಂದು ಬೈಯುತ್ತಾರೆ. ಬಿಡಿಸಿದರೆ ‘ಎಕ್ಕ ಹುಟ್ಟಿ ಹೋಗ’. ದೀಪ ಹಚ್ಚುವವರಿಲ್ಲದೆ ನಿನ್ನ ಮನೆಯಲ್ಲಿ ಎಕ್ಕದ ಗಿಡ ಏಳಲಿ ಎಂಬ ಶಾಪ. ಈಗ ಅಂಥ ಶಾಪ ತಟ್ಟಿದ ಮನೆಗಳನ್ನೇ ಹುಡುಕಿಕೊಂಡು ಕ್ಯಾಮೆರಾ ಹೆಗಲಿಗೇರಿಸಿ ಹೊರಡುವವರಿದ್ದಾರೆ. ಅವರು ತೆಗೆಯುವುದು ‘ಹಾಳು ಕಟ್ಟಡದ ಫೋಟೊ’ ಅಂದರೆ ಸಾಲದು. ಅದಕ್ಕೆ ಒಪ್ಪುವ ಮಾತು ಪಾಳು.

ಹಾಳು, ಪಾಳು ಎರಡೂ ಒಂದೇ ಬೇರಿನವು. ಹಳಗನ್ನಡದ ಪಾವು ಹಾವಾದಂತೆ, ಪೂ ಹೂವಾದಂತೆ ಪಾಳು ಹಾಳಾಯಿತು. ಆದರೆ ಹಳೆಯ ರೂಪ ಸಾಯದೆ ಬೇರೆ ಕೆಲಸ ಹಿಡಿದು ಉಳಿಯಿತು. ಹಾಳು ನಾವು ಮಾಡುವುದು: ದುಡ್ಡು ಹಾಳು ಮಾಡುತ್ತೇವೆ, ಮುದ್ದು ಮಾಡಿ ಮಗನನ್ನು ಹಾಳು ಮಾಡುತ್ತೇವೆ. ಪಾಳು ಹಾಗಲ್ಲ, ಅದು ಬೀಳುತ್ತದೆ, ಇಲ್ಲವೇ ನಾವು ಪಾಳು ಬಿಡುತ್ತೇವೆ. (‘ಪಾಳುಗೆಡವು’ ಎಂಬುದೂ ಇದೆ, ಅದು ಪುಸ್ತಕದ ಮಾತು.) ‘ಎರಡು ವರ್ಸದಿಂದ ಹೊಲ ಪಾಳು ಬಿಟ್ಟವ್ರೆ’ ಅಂದಾಗ ಹೊಲ ಕೆಟ್ಟಿದೆ ಎಂದಲ್ಲ. ಉಳುವವರು ಬಿಟ್ಟಿದ್ದಾರೆ, ಹುಲ್ಲು, ಲಂಟಾನ ಎದ್ದಿವೆ, ಅಷ್ಟೆ.

ಹಾಗೆ ನೋಡಿದರೆ ಹಂಪೆ 1565ರಲ್ಲಿ ಹಾಳಾದದ್ದು ನಿಜ, ಆದರೆ ಇವತ್ತು ಪಾಳು ಬಿದ್ದಿಲ್ಲ. ಪುರಾತತ್ವ ಇಲಾಖೆಯವರು ಕಲ್ಲಿನ ಸಂದಿನಲ್ಲಿ ಎದ್ದ ಸಸಿ ಕೀಳಿಸುತ್ತಾರಲ್ಲ. ಹಾಸನದ ಶೆಟ್ಟಿಹಳ್ಳಿ ಚರ್ಚನ್ನು ಹೇಮಾವತಿ ಹಿನ್ನೀರು ಮಳೆಗಾಲದಲ್ಲಿ ನುಂಗಿ ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಮರ ಬೇರೂರಲು ಅಲ್ಲಿ ಪುರುಸೊತ್ತೇ ಇಲ್ಲ.

ಪಾಳು ಅಂದರೇನೆಂದು ಕಣ್ಣಾರೆ ನೋಡಬೇಕಾದರೆ ಅಂಡಮಾನಿನ ರಾಸ್ ದ್ವೀಪ ಇದೆ. 2018ರಿಂದ ಅದು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. 1858ರ ಹೊತ್ತಿನಿಂದ ಬ್ರಿಟಿಷರ ಆಡಳಿತ ಅಲ್ಲಿಂದಲೇ ನಡೆಯುತ್ತಿತ್ತು. 1941ರಲ್ಲಿ ಭೂಕಂಪವಾಯಿತು, ಮರುವರ್ಷ ಜಪಾನಿ ಸೈನ್ಯ ಬಂತು. ಯುದ್ಧ ಮುಗಿದ ಮೇಲೆ ಆಡಳಿತ ಅಲ್ಲಿಗೆ ಮರಳಲಿಲ್ಲ. ಆಮೇಲಿನದು ಹಕ್ಕಿಗಳ ಕೆಲಸ. ಆಲದ ಜಾತಿಯ ಹಣ್ಣು ತಿಂದ ಹಕ್ಕಿ ಗೋಡೆಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಗಾರೆಯ ಬಿರುಕಿನ ತೇವದಲ್ಲಿ ಬೀಜ ಮೊಳೆಯುತ್ತದೆ. ಬೇರು ಇಟ್ಟಿಗೆಯ ಸಂದಿನಲ್ಲೇ ದಾರಿ ಮಾಡಿಕೊಂಡು ನೆಲ ಮುಟ್ಟಿದ ಮೇಲೆ ಅದರ ಬೆಳವಣಿಗೆಯೇ ಬೇರೆ: ದಪ್ಪವಾಗುತ್ತಾ, ಕವಲೊಡೆದು, ಕಿಟಕಿ ಬಂದಲ್ಲಿ ಅದರ ಅಂಚಿಗೇ ಬಾಗಿ ಇಳಿಯುತ್ತದೆ. ಸೂರು ಹೋದ ಎಷ್ಟೋ ಗೋಡೆಗಳನ್ನು, ಮೊದಲು ಅವನ್ನು ಸೀಳಿದ ಬೇರುಗಳೇ ಈಗ ಅಪ್ಪಿ ಹಿಡಿದಿವೆ.

ಇಂಥ ಚಿತ್ರಕ್ಕೆ ಮೋಡದ ದಿನವೇ ವಾಸಿ. ಬಿಸಿಲಿದ್ದರೆ ಕೋಣೆ ಕಪ್ಪಗೆ ಮುಳುಗಿ, ಕಿಟಕಿಯಾಚೆಯ ಹಸಿರು ಬೆಳ್ಳಗೆ ಸುಟ್ಟಂತೆ ಬರುತ್ತದೆ. ಟ್ರೈಪಾಡ್ ಇರಲಿ. ಯಾರೂ ಇಲ್ಲದ ಮನೆಗೂ ಖಾತೆಯಲ್ಲಿ ಒಬ್ಬ ಯಜಮಾನ ಇರುತ್ತಾನೆ, ಕೇಳಿಕೊಂಡೇ ಒಳಗೆ ಹೋಗಿ. ಬಾಗಿಲಲ್ಲಿ ಎಕ್ಕದ ಗಿಡ ಅಡ್ಡವಾಯಿತೆಂದು ಮುರಿಯಲು ಹೋಗಬೇಡಿ. ಅದರ ಹಾಲು ಕಣ್ಣಿಗೆ ಸಿಡಿದರೆ ಅವತ್ತಿನ ಫೋಟೊ ಅಲ್ಲಿಗೆ ಮುಗಿಯಿತು.