ಉಪವಾಸ ಅಂದ್ರೆ ಬರೀ ಹಸ್ಕೊಂಡಿರೋದಾ?

ಲ್ಯಾಬುಗಳಲ್ಲಿ ಖಾಲಿ ಹೊಟ್ಟೆ ಅಂತ ಬರೆಯೋ ಕಡೆ 'ಉಪವಾಸದ ಸಕ್ಕರೆ ಪರೀಕ್ಷೆ' ಅಂತ ಬರೆದಿದ್ರೂ ಸಹಿಸ್ಕೊಂಡಿದ್ದೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡು ಊಟ ತಪ್ಪಿದೋರು 'ಇವತ್ತು ಫುಲ್ ಉಪವಾಸ ಗುರೂ' ಅಂದಾಗ್ಲೂ ಸುಮ್ನಿದ್ದೆ. ಈಗ ವಾಟ್ಸಾಪಲ್ಲಿ 'ಇಷ್ಟು ವಾರ ಉಪವಾಸ ಮಾಡಿ, ಅಂದ್ಕೊಂಡಿದ್ದು ಗ್ಯಾರಂಟಿ' ಅಂತ ದಿನಾ ಬರ್ತಿದೆ. ಸಾಕು.

ಪದದೊಳಗೆ ಊಟದ ಸುದ್ದೀನೇ ಇಲ್ಲ. ಉಪ ಅಂದ್ರೆ ಹತ್ರ, ವಾಸ ಗೊತ್ತೇ ಇದೆ. ಯಾರ ಹತ್ರ ಯಾರಿರೋದು? ದೇವರ ಹತ್ರ ನಾವು ಅಂತ ಪ್ರವಚನಗಳಲ್ಲಿ ಹೇಳ್ತಾರೆ, ತಪ್ಪೇನಲ್ಲ, ಆದ್ರೆ ಹಳೇ ವಿವರಣೆ ಇದಕ್ಕೆ ಉಲ್ಟಾ. ಯಜ್ಞ ಹೇಗೆ ಮಾಡ್ಬೇಕು ಅಂತ ವಿವರಿಸೋ ವೈದಿಕ ಗ್ರಂಥ ಶತಪಥ ಬ್ರಾಹ್ಮಣದ ಶುರುವಿನಲ್ಲೇ ಬರುತ್ತೆ ಇದು. ಯಜ್ಞದ ಹಿಂದಿನ ದಿನಕ್ಕೆ 'ಉಪವಸಥ' ಅಂತ ಹೆಸರು, ಯಾಕಂದ್ರೆ ಇವನು ನಾಳೆ ಯಜ್ಞ ಮಾಡ್ತಾನೆ ಅಂತ ಗೊತ್ತಾಗಿ ದೇವತೆಗಳೇ ಮುಂಚಿತವಾಗಿ ಬಂದು ಇವನ ಮನೇಲಿ ಉಳ್ಕೊಂಡಿರ್ತಾರೆ. ನೆಂಟರು ಊಟ ಮಾಡೋಕೆ ಮುಂಚೆ ಮನೆಯವನು ತಿನ್ನೋದೇ ಚೆನ್ನಾಗಿರಲ್ಲ, ಇನ್ನು ದೇವರು ಬಂದಿರುವಾಗ ತಿಂತಾರಾ? ಅಷ್ಟೇ ಕಾರಣ. ದೇಹದಂಡನೆ ಇಲ್ಲ, ಡೀಟಾಕ್ಸ್ ಅಂತೂ ಇಲ್ವೇ ಇಲ್ಲ.

ಮುಂದಿನದು ಇನ್ನೂ ಮಜಾ. ಅದೇ ಗ್ರಂಥದಲ್ಲಿ ಯಾಜ್ಞವಲ್ಕ್ಯ ಋಷಿಗಳು ಪೂರ್ತಿ ಉಪವಾಸಕ್ಕೆ ಒಪ್ಪಲ್ಲ, ತಿಂದ್ರೂ ತಿಂದಂಗೆ ಲೆಕ್ಕಕ್ಕೆ ಬರದೇ ಇರೋದನ್ನ ತಿನ್ನಿ, ಅಂದ್ರೆ ಹೋಮಕ್ಕೆ ಹಾಕದೇ ಇರೋದು, ಕಾಡಲ್ಲಿ ತಾನಾಗೇ ಬೆಳೆದಿದ್ದು, ಹಣ್ಣು, ಅಂತಾರೆ. ಬರ್ಕು ಅನ್ನೋ ಇನ್ನೊಬ್ರು 'ಉದ್ದನ್ನ ಹೋಮಕ್ಕೆ ಹಾಕಲ್ವಲ್ಲ, ನಂಗೆ ಉದ್ದು ಬೇಯ್ಸಿಕೊಡಿ' ಅಂತಾರೆ, ಅದು ಬೇಡ ಅಂತ ಗ್ರಂಥವೇ ತಳ್ಳಿಹಾಕುತ್ತೆ. ನಮ್ಮ ಶನಿವಾರದ ಇಡ್ಲಿ-ವಡೆ ಪಾರ್ಟಿಯ ಮೂಲಪುರುಷ ಇವರೇ ಅನ್ಸುತ್ತೆ! ಫಲಾಹಾರ ಅನ್ನೋ ಹಣ್ಣಿನ ಊಟ ನಮ್ಮನೆಗಳಲ್ಲಿ ಫಲಾರ ಆಗಿ, ಆಮೇಲೆ ತುಪ್ಪ ಸುರಿದ ಉಪ್ಪಿಟ್ಟಾಗಿದೆ. ಮಾಡ್ಕೊಳ್ಳಿ, ಬೇಡ ಅಂದೋರ್ಯಾರು, ಆದ್ರೆ ಅದಕ್ಕೆ 'ಒಪ್ಪತ್ತು' ಅನ್ನೋ ಅಚ್ಚುಕಟ್ಟಾದ ಕನ್ನಡ ಪದ ಇದೆ, ಒಂದೇ ಹೊತ್ತು ಅನ್ನ ಅಂತ. ಏಕಾದಶಿಗೆ ನೀರೂ ಮುಟ್ಟದೆ ಇದ್ದು ದ್ವಾದಶಿ ಬೆಳಿಗ್ಗೆ ಪಾರಣೆ ಮಾಡೋ ಅಜ್ಜಿಯರ ಮುಂದೆ ಉಪ್ಪಿಟ್ಟು ತಿಂದು 'ನಂದೂ ಉಪವಾಸ' ಅನ್ಬೇಡಿ ಅಷ್ಟೇ.

ಇದೇ ಪದ ಬೌದ್ಧರಲ್ಲಿ ಉಪೋಸಥ ಆಯ್ತು, ಜೈನರಲ್ಲಿ ಪ್ರೋಷಧೋಪವಾಸ ಇದೆ. ಮುಸ್ಲಿಮರ ಉಪವಾಸಕ್ಕಿರೋ ರೋಜಾ ಪದದ ಮೂಲ ಬೇರೆ, ಆದ್ರೆ ಅಲ್ಲೂ ನಿಯತ್ತು, ಅಂದ್ರೆ ಸಂಕಲ್ಪ, ಬೇಕು, ಅದಿಲ್ದೆ ಸಂಜೆ ತನಕ ಸುಮ್ನೆ ಹಸ್ಕೊಂಡಿದ್ದು ಇಫ್ತಾರ್ ಹೊತ್ತಿಗೆ ತಿನ್ನೋಕೆ ಫ್ರೇಜರ್ ಟೌನಿಗೆ ಓಡಿದ್ರೆ ಅದು ರೋಜಾ ಆಗಲ್ಲ.

ಈಗ ಆ 'ಗ್ಯಾರಂಟಿ' ವಿಷಯ. ಕೆಲಸ ಆದ್ರೆ ಇಂಥದ್ದು ಮಾಡ್ತೀನಿ ಅನ್ನೋದು ಹರಕೆ, ಅದಕ್ಕೆ ಅದರದೇ ಮರ್ಯಾದೆ ಇದೆ. ಉಪವಾಸ ಅದಲ್ಲ. ದೇವರ ಹತ್ರ ಕೇಳ್ಬೇಡಿ ಅಂತಿಲ್ಲ, ಧಾರಾಳವಾಗಿ ಕೇಳಿ, ಆದ್ರೆ ಹಸಿವನ್ನ ಬೆಂಗಳೂರಿನ ಬಾಡಿಗೆ ಮನೆ ಅಡ್ವಾನ್ಸ್ ಥರ ಹತ್ತು ತಿಂಗಳದ್ದು ಮೊದಲೇ ಕಟ್ಟಿ 'ಕೀ ಕೊಡಿ' ಅಂತ ನಿಂತ್ಕೊಳ್ಳೋದನ್ನ ನಂಬಿಕೆ ಅನ್ನಲ್ಲ. ನಂಬಿದೋರು ರಸೀದಿ ಇಟ್ಕೊಳ್ಳಲ್ಲ.

ನಮ್ಮ ಚರ್ಚುಗಳಲ್ಲಿ ಉಪವಾಸ ಪ್ರಾರ್ಥನೆ ಅಂತ ಬ್ಯಾನರ್ ಹಾಕ್ತಾರಲ್ಲ, ಅವರ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ನೋಡಿ. ಉಪವಾಸ ಇರುವಾಗ ಮುಖ ಸಪ್ಪೆ ಮಾಡ್ಕೋಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳ್ಕೊಳ್ಳಿ, ಜನಕ್ಕೆ ಗೊತ್ತಾಗೋದೇ ಬೇಡ ಅಂತಾನೆ ಯೇಸು. ಸ್ಟೇಟಸ್ ಹಾಕೋರು ಇದನ್ನ ಎರಡು ಸಲ ಓದ್ಬೇಕು. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ ಅವನು ಕಲಿಸಿದ ಪ್ರಾರ್ಥನೆಯೂ ಇದೆ, ಅದರಲ್ಲಿ ಊಟ ಕೇಳೋದೂ ಇದೆ, ಆದ್ರೆ ಕೇಳೋದು ಇವತ್ತಿನದು ಮಾತ್ರ.